ಚಿನ್ನದ ಚಿತ್ರಕ್ಕೂ ಬೇಕು ಒರೆಗಲ್ಲು

ಕಡಕೊಳ (ಮೈಸೂರು): ಮೈಸೂರು–ನಂಜನಗೂಡು ಹೆದ್ದಾರಿಯಲ್ಲಿರುವ ಈ ಕೈಗಾರಿಕಾ ಪ್ರದೇಶದ ಕುಟುಂಬಗಳು ಮದುವೆಗೆ ಒಡವೆ ಕೊಳ್ಳಬೇಕೆಂದರೆ ಮೈಸೂರಿನ ಅಶೋಕ ರಸ್ತೆಯ ಅಂಗಡಿಗಳನ್ನು ಹತ್ತಿಳಿಯುವುದು ವಾಡಿಕೆ. ಈಗ ಗಿರಾಕಿ ಅಂಗಡಿಗೆ ಹೋಗುವ ಮುನ್ನವೇ ಒಡವೆಯ ಛಾಯಾಚಿತ್ರ ಅವರ ಮೊಬೈಲಿಗೆ ಬಂದಿರುತ್ತದೆ. ಚೌಕಾಸಿ ಶುರುವಾಗುವುದೇ ಆ ಚಿತ್ರದಿಂದ. ಆದರೆ ಚಿನ್ನದ ಬೆಲೆಯನ್ನು ನಿರ್ಧರಿಸುವ ತೂಕ ಮತ್ತು ಪರಿಶುದ್ಧತೆ, ಇವೆರಡೂ ಚಿತ್ರದಲ್ಲಿ ಕಾಣುವುದಿಲ್ಲ. ಸಮಸ್ಯೆಯ ಮೂಲ ಇರುವುದು ಇಲ್ಲಿಯೇ.

ಬೆಳಕಿನ ಆಟ

ಹೊಳಪು ಕೊಟ್ಟ ಚಿನ್ನ ಕನ್ನಡಿಯಂತೆ. ಎದುರಿಗಿರುವ ಗೋಡೆ, ಕೈ, ಕ್ಯಾಮೆರಾ ಎಲ್ಲವೂ ಅದರಲ್ಲಿ ಪ್ರತಿಬಿಂಬಿಸುತ್ತವೆ. ಆದ್ದರಿಂದಲೇ ವೃತ್ತಿಪರ ಛಾಯಾಗ್ರಾಹಕರು ಬಿಳಿ ಬಟ್ಟೆಯ ಮರೆಯಿಂದ ಬೆಳಕನ್ನು ಮೃದುಗೊಳಿಸುತ್ತಾರೆ. ಹರಳು ಮಿನುಗಲು ಮಾತ್ರ ಒಂದು ಚುರುಕಾದ ದೀಪ ಹಚ್ಚುತ್ತಾರೆ. ಇದು ಮೋಸವಲ್ಲ, ಕಸುಬು. ಆದರೆ ಅದೇ ಕಸುಬು ಹಾದಿ ತಪ್ಪುವುದೂ ಸುಲಭ. ಹಳದಿ ಬೆಳಕು ಹೆಚ್ಚಿಸಿದರೆ 18 ಕ್ಯಾರೆಟ್ ಒಡವೆ 22 ಕ್ಯಾರೆಟ್‌ನಂತೆ ಕಾಣುತ್ತದೆ; ಗಿಲೀಟು ಸರವೂ ಅಪ್ಪಟ ಚಿನ್ನದ ಕಾಸಿನ ಸರದಂತೆ ಬೀಗುತ್ತದೆ. ತೀರಾ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಪುಟ್ಟ ಮೂಗುತಿಯೂ ಪರದೆ ತುಂಬುತ್ತದೆ.

ಕಾನೂನಿನ ಬಲ

ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯಗೊಳಿಸಿ, ನಂತರ ಇನ್ನಷ್ಟು ಜಿಲ್ಲೆಗಳಿಗೆ ವಿಸ್ತರಿಸಿತು. ಬಿಐಎಸ್ ಲಾಂಛನ, ಪರಿಶುದ್ಧತೆಯ ಅಂಕಿ ಹಾಗೂ ಅಕ್ಷರ–ಅಂಕಿಗಳ 6 ಸ್ಥಾನದ ಎಚ್‌ಯುಐಡಿ, ಇವು ಈಗಿನ ಮೂರು ಗುರುತುಗಳು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಗಳ ಮಾರಾಟಕ್ಕೆ ತಡೆ ಬಿತ್ತು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಪರಿಶುದ್ಧತೆ ಕಡಿಮೆಯೆಂದು ಸಾಬೀತಾದರೆ, ಕೊರತೆಯ ಮೊತ್ತದ ಎರಡು ಪಟ್ಟು ಹಾಗೂ ಪರೀಕ್ಷಾ ಶುಲ್ಕವನ್ನು ಪಡೆಯುವ ಹಕ್ಕು ಗ್ರಾಹಕರಿಗಿದೆ.

ಚಿತ್ರದ ಪ್ರಾಮಾಣಿಕತೆಯೂ ಕಾನೂನಿನ ಹೊರಗಿಲ್ಲ. ಸರಕಿನ ವಿವರಣೆ ಮತ್ತು ಚಿತ್ರ ನಿಜರೂಪಕ್ಕೆ ಹೊಂದಿಕೆಯಾಗುತ್ತವೆ ಎಂಬ ಮುಚ್ಚಳಿಕೆಯನ್ನು ಮಾರಾಟಗಾರರಿಂದ ಆನ್‌ಲೈನ್ ಮಾರುಕಟ್ಟೆ ಸಂಸ್ಥೆಗಳು ಪಡೆಯಬೇಕೆಂದು 2020ರ ಇ–ವಾಣಿಜ್ಯ ನಿಯಮಗಳು ಹೇಳುತ್ತವೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಸಣ್ಣವರ ಸಂಕಟ

ಇಷ್ಟಾದರೂ ಒಂದು ಕಂದಕ ಉಳಿದಿದೆ. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ವರ್ತಕರಿಗೆ ಮತ್ತು 2 ಗ್ರಾಂಗಿಂತ ಹಗುರವಾದ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಬಡವರು ಕೊಳ್ಳುವ ಓಲೆ, ಮೂಗುತಿಗಳು ಬಹುಪಾಲು ಈ ವಿನಾಯಿತಿಯೊಳಗೇ ಬರುತ್ತವೆ. ಮುದ್ರೆಯ ಆಸರೆ ಇಲ್ಲದಿರುವಾಗ ಚಿತ್ರವೇ ಸಾಕ್ಷಿಯಾಗುವುದು ಅಪಾಯಕಾರಿ. ಇನ್ನೊಂದೆಡೆ, ಸ್ಟುಡಿಯೊ, ರೂಪದರ್ಶಿಗಳ ನೆರವಿರುವ ದೊಡ್ಡ ಮಳಿಗೆಗಳ ಎದುರು ಊರಿನ ಅಕ್ಕಸಾಲಿಗನ ನಯವಾದ ಕೈಕೆಲಸ ಮಬ್ಬು ಚಿತ್ರದಲ್ಲಿ ಮಂಕಾಗುತ್ತಿದೆ.

ಅವನಿಗೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಕಿಟಕಿಯ ಬೆಳಕು, ಬಿಳಿ ಹಾಳೆ ಸಾಕು. ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯ, ತಕ್ಕಡಿಯ ಮೇಲೆ ತೂಕ ಕಾಣುವಂತೆ ಒಂದು ಚಿತ್ರ, ಮುದ್ರೆ ಇದ್ದರೆ ಅದರದ್ದೊಂದು ಹಾಗೂ ಹಿಂಬದಿಯ ಕೆಲಸದ್ದೊಂದು ಚಿತ್ರವಿದ್ದರೆ ವಿಶ್ವಾಸ ತಾನಾಗಿ ಮೂಡುತ್ತದೆ. ಬಣ್ಣ ತಿದ್ದುವ ಸೌಲಭ್ಯವನ್ನು ಮುಟ್ಟದಿರುವುದೇ ಲೇಸು.

ಗ್ರಾಹಕರ ಹೊಣೆಯೂ ಚಿಕ್ಕದಲ್ಲ. ಚಿತ್ರದಲ್ಲಿರುವ ಎಚ್‌ಯುಐಡಿಯನ್ನು ಯಾರಾದರೂ ನಕಲು ಮಾಡಬಹುದು. ಆದ್ದರಿಂದ ಕೈಗೆ ಬಂದ ಒಡವೆಯ ಮೇಲಿನ ಸಂಖ್ಯೆಯನ್ನೇ ಭೂತಗನ್ನಡಿಯಲ್ಲಿ ಓದಿ ತಾಳೆ ನೋಡಬೇಕು. ತೂಕ, ಕ್ಯಾರೆಟ್, ಮಜೂರಿಯನ್ನು ಬೇರೆ ಬೇರೆಯಾಗಿ ನಮೂದಿಸಿದ ಬಿಲ್ ಕೇಳಿ ಪಡೆಯಬೇಕು. ಛಾಯಾಚಿತ್ರ ಗಿರಾಕಿಯನ್ನು ಅಂಗಡಿಯ ಬಾಗಿಲಿಗೆ ಕರೆತಂದರೆ ಸಾಕು. ಹಲವು ವರ್ಷಗಳ ಉಳಿತಾಯವನ್ನು ಅದರ ಭರವಸೆಯ ಮೇಲೆ ಸುರಿಯುವುದು ಮಾತ್ರ ವಿವೇಕವಲ್ಲ.