ಸೀಸದ ಹದ, ಮನೆಯ ಲೆಕ್ಕ

ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಅಚ್ಚುಮೊಳೆ, ಕಾರಿನ ಚಕ್ರ ಬ್ಯಾಲೆನ್ಸ್ ಮಾಡುವಾಗ ರಿಮ್ಮಿಗೆ ಸಿಕ್ಕಿಸುತ್ತಿದ್ದ ಪುಟ್ಟ ತೂಕ, ಬಂದೂಕಿನ ಗುಂಡು. ಈ ಮೂರಕ್ಕೂ ಏನು ಸಂಬಂಧ ಹೇಳಿ ನೋಡೋಣ? ಮೂರೂ ಒಂದೇ ಮನೆತನದವು. ಸೀಸದ ಜೊತೆ ಆಂಟಿಮನಿ ಮತ್ತು ತವರ ಬೆರೆಸಿ ಮಾಡಿದ ಮಿಶ್ರಲೋಹ. ಬದಲಾಗುವುದು ಪ್ರಮಾಣ ಮಾತ್ರ.

ಅಮೆರಿಕದಲ್ಲಿ ಈ ಪ್ರಮಾಣದ ಲೆಕ್ಕ ಹಾಕುತ್ತಾ ವೀಕೆಂಡ್ ಕಳೆಯುವವರು ಬಹಳ ಜನ ಇದ್ದಾರೆ. ಬೇಟೆಗೋ ಗುರಿ ಅಭ್ಯಾಸಕ್ಕೋ ಬೇಕಾದ ಗುಂಡನ್ನು ಗ್ಯಾರೇಜಿನಲ್ಲಿ ತಾವೇ ಎರಕ ಹೊಯ್ದುಕೊಳ್ಳುವುದು ಅಲ್ಲಿನ ಹಳೆಯ ಹವ್ಯಾಸ. ಸ್ವಂತ ಬಳಕೆಗಾದರೆ ಅಲ್ಲಿನ ಫೆಡರಲ್ ಕಾನೂನು ಲೈಸೆನ್ಸ್ ಕೇಳುವುದಿಲ್ಲ. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಾಗಾಗಿ ಇದನ್ನು ಓದಿ ಯಾರೂ ಒಲೆ ಹಚ್ಚಬೇಡಿ. ಆದರೆ ಆ ಗ್ಯಾರೇಜಿನ ಕಥೆಯಲ್ಲಿ ನಮ್ಮ ಮನೆಗೂ ಬೇಕಾದ ಒಂದು ಮಾತಿದೆ.

ಮೊದಲು ಮಿಶ್ರಣ ಯಾಕೆ ಅಂತ ನೋಡೋಣ. ಬರೀ ಸೀಸ ತುಂಬಾ ಮೆತ್ತಗೆ, ಉಗುರಿನಲ್ಲೇ ಗೀರಬಹುದು. ಲೋಹದ ಗಡಸುತನ ಅಳೆಯುವ ಬ್ರಿನೆಲ್ ಮಾಪನದಲ್ಲಿ ಅದಕ್ಕೆ ಸಿಗುವ ಅಂಕ ಸುಮಾರು 5. ವೇಗ ಜಾಸ್ತಿಯಾದರೆ ಇಷ್ಟು ಮೆತ್ತನೆಯ ಗುಂಡು ನಳಿಗೆಯ ಒಳಗೆಲ್ಲ ಸವರಿಕೊಂಡು ಹೋಗುತ್ತದೆ. ಅದಕ್ಕೇ ಆಂಟಿಮನಿ ಸೇರಿಸಿ ಗಡಸು ಮಾಡುತ್ತಾರೆ. ಇನ್ನು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಲ್ಲ, ಅದೇ ತವರದ ಕೆಲಸ ಬೇರೆ. ಅದು ಬೆರೆತರೆ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಚೆನ್ನಾಗಿ ಇಳಿಯುತ್ತದೆ. ಅತಿಯಾದರೆ ಎರಡೂ ಕಷ್ಟ. ಆಂಟಿಮನಿ ಹೆಚ್ಚಾದರೆ ಗುಂಡು ಬಿರುಸಾಗಿ ಒಡೆಯುತ್ತದೆ, ತವರ ಹೆಚ್ಚಾದರೆ ಜೇಬು ಖಾಲಿ. ನೂರರಲ್ಲಿ 90 ಸೀಸ, 5 ತವರ, 5 ಆಂಟಿಮನಿ ಇರುವ ‘ಲೈಮನ್ ನಂಬರ್ 2’ ಅಲ್ಲಿ ಹೆಸರಾಂತ ಹದ. ಗಡಸುತನ ಸುಮಾರು 15.

ಇದಕ್ಕೆಲ್ಲ ಕಚ್ಚಾ ಮಾಲು ಎಲ್ಲಿಂದ? ಗುಜರಿಯಿಂದ. ಪತ್ರಿಕೆಗಳ ಲೈನೋಟೈಪ್ ಲೋಹದಲ್ಲಿ 84 ಸೀಸ, 12 ಆಂಟಿಮನಿ, 4 ತವರ ಇರುತ್ತಿತ್ತು. ಅಕ್ಷರದ ಅಂಚು ಚೂಪಾಗಿ ಮೂಡಬೇಕಲ್ಲ, ಅದಕ್ಕೆ. ಅದರ ಒಂದು ಪಾಲಿಗೆ ಎರಡು ಪಾಲು ಬರೀ ಸೀಸ ಸೇರಿಸಿದರೆ ಆಂಟಿಮನಿ ಶೇ. 4ಕ್ಕೆ ಇಳಿಯುತ್ತದೆ, ತವರ ಶೇ. 1.3ಕ್ಕೆ. ಅಷ್ಟೇ ಗಣಿತ, ಹೈಸ್ಕೂಲಿನ ಸರಾಸರಿ ಲೆಕ್ಕ. ಆದರೆ ಮಾಲೇ ಈಗ ಅಪರೂಪ. ನ್ಯೂಯಾರ್ಕ್ ಟೈಮ್ಸ್ 1978ರಲ್ಲೇ ಬಿಸಿ ಲೋಹದ ಜೋಡಣೆ ಬಿಟ್ಟಿತು. ಚಕ್ರದ ಸೀಸದ ತೂಕಗಳನ್ನು ಯುರೋಪ್ 2005ರಲ್ಲಿ, ಕ್ಯಾಲಿಫೋರ್ನಿಯಾ 2010ರಲ್ಲಿ ನಿಲ್ಲಿಸಿದವು. ಈಗ ಬರುವ ತೂಕಗಳು ಹೆಚ್ಚಾಗಿ ಉಕ್ಕಿನವು, ಸತುವಿನವು. ಸತು ಸ್ವಲ್ಪ ಬೆರೆತರೂ ಇಡೀ ಪಾತ್ರೆಯ ಲೋಹ ಕೆಡುತ್ತದೆ.

ಟೆಕ್ಸಾಸ್‌ನಲ್ಲಿರುವ ನನ್ನ ಸಹೋದ್ಯೋಗಿಯೊಬ್ಬ ಇದಕ್ಕೆಲ್ಲ ಚಂದದ ಸ್ಪ್ರೆಡ್‌ಶೀಟ್ ಮಾಡಿಟ್ಟುಕೊಂಡಿದ್ದಾನೆ. ಯಾವ ಗುಜರಿ ಎಷ್ಟು ಕೆಜಿ ಹಾಕಿದರೆ ಎಷ್ಟು ಶೇಕಡಾ ಬರುತ್ತದೆ, ಎಲ್ಲ ಫಾರ್ಮುಲಾದಲ್ಲಿದೆ. ಒಮ್ಮೆ ಕಾಲ್ ಮುಗಿದ ಮೇಲೆ ತೋರಿಸಿದ. ನಾನು ಸುಮ್ಮನೆ ಕೇಳಿದೆ, “ಎರಕದ ಬಟ್ಟೆ ಎಲ್ಲಿ ಒಗೀತೀಯ?” “ಮನೆ ವಾಷಿಂಗ್ ಮೆಷಿನ್ನಲ್ಲೇ. ಯಾಕೆ? ಫ್ಯಾನ್ ಹಾಕಿರ್ತೀನಿ, ಹೊಗೆಯೆಲ್ಲ ಹೊರಗೆ ಹೋಗುತ್ತೆ” ಅಂದ. ಅವನಿಗೆ ಎರಡು ವರ್ಷದ ಮಗಳಿದ್ದಾಳೆ.

ತುಂಬಾ ಜನ ಎಡವುವುದು ಇಲ್ಲೇ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಕುದಿಯಲು 1,700 ಡಿಗ್ರಿ ದಾಟಬೇಕು. ಎರಕದ ಶಾಖಕ್ಕೆ ಏಳುವ ಸೀಸದ ಆವಿ ಕಡಿಮೆ. ಹೆಚ್ಚಿನ ಅಪಾಯ ದೂಳಿನದು. ಕರಗಿದ ಲೋಹದ ಮೇಲೆ ಬೂದುಬಣ್ಣದ ಕಿಟ್ಟ ಕಟ್ಟುತ್ತದೆ. ಸೌಟಿನಲ್ಲಿ ಅದನ್ನು ತೆಗೆಯುವಾಗ ನುಣ್ಣನೆ ಪುಡಿ ಹಾರುತ್ತದೆ. ಕೈಗೆ, ಅಂಗಿಗೆ, ಚಪ್ಪಲಿಗೆ ಅಂಟಿ ಒಳಗೆ ಬರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಸೀದಾ ಬಾಯಿಗೆ ಹಾಕುತ್ತದೆ. ಅದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸಣ್ಣ ಮಕ್ಕಳ ಮೈಗೆ ಸೇರುತ್ತದೆ. ಬೆಳೆಯುವ ಮಿದುಳಿಗೆ ಆಗುವ ಹಾನಿ ಹಿಂದಿರುಗುವುದಿಲ್ಲ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅವನು ಮಗಳಿಗೆ ರಕ್ತ ಪರೀಕ್ಷೆ ಮಾಡಿಸಿದ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಬಂತು. ಅಮೆರಿಕದ ಸಿಡಿಸಿ 2021ರಿಂದ 3.5ಕ್ಕೇ ಎಚ್ಚರಿಕೆಯ ಗೆರೆ ಎಳೆದಿದೆ. ಒಲೆ, ಅಚ್ಚು ಎಲ್ಲ ಊರಾಚೆಯ ಸ್ನೇಹಿತನ ಶೆಡ್ಡಿಗೆ ಹೋದವು. ಬಟ್ಟೆ, ಶೂ ಅಲ್ಲೇ ಬಿಚ್ಚಿಟ್ಟು, ಸ್ನಾನ ಮಾಡಿ ಮನೆಗೆ ಬರುತ್ತಾನೆ. ಮಗಳಿಗೆ ಮೂರು ತಿಂಗಳಿಗೆ ಮತ್ತೆ ಟೆಸ್ಟ್ ಇದೆ.

ನಮಗೂ ಇದಕ್ಕೂ ಏನು ಅಂತೀರಾ? ಬಾಲ್ಕನಿಯಲ್ಲಿರುವ ಇನ್ವರ್ಟರ್ ಬ್ಯಾಟರಿಯನ್ನು ನೋಡಿ. ಅದರೊಳಗೆ ಇರುವುದು ಕೆಜಿಗಟ್ಟಲೆ ಸೀಸ. ಗುಂಡು ಎರಕ ಹೊಯ್ಯುವ ಅನುಭವಿಗಳೇ ಬ್ಯಾಟರಿ ಸೀಸ ಮುಟ್ಟುವುದಿಲ್ಲ; ಅದನ್ನು ಕರಗಿಸಿದರೆ ವಿಷಾನಿಲ ಹುಟ್ಟಬಹುದು. ನಮ್ಮಲ್ಲಿ ಆದರೆ ಬ್ಯಾಟರಿ ಒಡೆದು ಸೀಸ ಕರಗಿಸುವ ಹಿತ್ತಲ ಭಟ್ಟಿಗಳಿವೆ, ಪಕ್ಕದಲ್ಲೇ ಮಕ್ಕಳು ಆಡುತ್ತಿರುತ್ತಾರೆ. ಗುಜರಿಯವನು ಇನ್ನೂರು ರೂಪಾಯಿ ಹೆಚ್ಚಿಗೆ ಕೊಡುತ್ತಾನೆ ಅಂತ ಕೊಟ್ಟರೆ ನಮ್ಮ ಬ್ಯಾಟರಿಯೂ ಅಲ್ಲಿಗೇ ಹೋಗಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದು ತರುವಾಗ ಹಳೆಯದನ್ನು ಡೀಲರ್ ಕೈಗೇ ಕೊಡಿ, ರಸೀದಿ ಕೇಳಿ.

ಮನೆಯಲ್ಲಿ ಸೀಸದ ಬೆಸುಗೆ ಹಾಕುವ ಹವ್ಯಾಸ ಇದ್ದರೆ ಅಡುಗೆಮನೆಯಿಂದ ದೂರ ಕೂತು ಮಾಡಿ, ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಿ. ಪಾತ್ರೆಯೊಳಗೆ ಸೀಸ 84 ಇರಲಿ, 90 ಇರಲಿ, ಅದು ಲೆಕ್ಕಕ್ಕೆ ಸಿಗುತ್ತದೆ. ಮನೆಯೊಳಗೆ ಅದಕ್ಕೆ ಸರಿಯಾದ ಅಂಕಿ ಒಂದೇ, ಸೊನ್ನೆ.