ಸಣ್ಣ ಈರುಳ್ಳಿ: ಹೆಸರೂ ಗುಣವೂ

ಅನ್ಯಭಾಷಾ ಪ್ರಾಂತದಲ್ಲಿ ನೆಲೆಸಿದ ಕನ್ನಡಿಗರಿಗೆ ತರಕಾರಿ ಪೇಟೆಯೇ ಮೊದಲ ಭಾಷಾಶಾಲೆ. ಇಂಗ್ಲಿಷಿನ ‘ಶಾಲಟ್’ ಎಂಬುದಕ್ಕೆ ನಾವು ಸಣ್ಣ ಈರುಳ್ಳಿ, ಸಾಂಬಾರ್ ಈರುಳ್ಳಿ ಎನ್ನುತ್ತೇವೆ. ತಮಿಳರು ‘ಚಿನ್ನ ವೆಂಗಾಯಂ’ ಎನ್ನುವರು. ಬಂಗಾಳಿಯಲ್ಲಿ ‘ಛೋಟೊ ಪೇಂಯಾಜ್’ ಎನ್ನಬಹುದು. ಅರ್ಥವೇನೋ ಒಂದೇ. ಆದರೆ ದೆಹಲಿಯ ಚಿತ್ತರಂಜನ ಪಾರ್ಕಿನ ಬಂಗಾಳಿ ಪೇಟೆಯಲ್ಲಿ ಹಾಗೆ ಕೇಳಿದಾಗ, ಅಂಗಡಿಯವನು ಸಾಧಾರಣ ಈರುಳ್ಳಿಯ ರಾಶಿಯಿಂದಲೇ ಚಿಕ್ಕವನ್ನು ಆರಿಸಿಕೊಟ್ಟರೆ ಅದು ಅವನ ತಪ್ಪಲ್ಲ. ಹೆಸರು ಗಾತ್ರವನ್ನು ಹೇಳಿತೇ ಹೊರತು ಜಾತಿಯನ್ನು ಹೇಳಲಿಲ್ಲ.

ಜಾತಿಯ ಲಕ್ಷಣವೇ ಬೇರೆ. ದೊಡ್ಡ ಈರುಳ್ಳಿ ಸಾಮಾನ್ಯವಾಗಿ ಬೀಜದಿಂದ ಬೆಳೆದು ಒಂಟಿ ಗೆಡ್ಡೆಯಾಗುತ್ತದೆ. ಸಣ್ಣ ಈರುಳ್ಳಿಯ ಒಂದು ಗೆಡ್ಡೆಯನ್ನು ನೆಟ್ಟರೆ ಬುಡದಲ್ಲಿ ಹಲವು ಗೆಡ್ಡೆಗಳ ಗೊಂಚಲು ಮೂಡುತ್ತದೆ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಬೆಳೆಯುವುದು ಇದನ್ನೇ. 2015ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿಯು ಗಾತ್ರದಲ್ಲಿ ಚಿಕ್ಕದಾದರೂ ಬೀಜದಿಂದ ಬೆಳೆಯುವ ಬೇರೆಯೇ ಬಗೆ.

ಉಪಯೋಗದಲ್ಲಿಯೂ ಈ ಭೇದ ಕಾಣುವುದು. ದೊಡ್ಡ ಈರುಳ್ಳಿಯ 100 ಗ್ರಾಂನಲ್ಲಿ ಸುಮಾರು 89 ಗ್ರಾಂ ನೀರಿದ್ದರೆ, ಇದರಲ್ಲಿ ಸುಮಾರು 80 ಗ್ರಾಂ ಮಾತ್ರ. ಆದುದರಿಂದಲೇ ರುಚಿ ಸಾಂದ್ರ. ಇಡಿಯಾಗಿ ಹುಳಿಯಲ್ಲಿ ಬೇಯಿಸಿದರೆ ಕರಗಿಹೋಗದೆ ಸಿಹಿಯನ್ನು ಬಿಡುತ್ತದೆ. ಬಂಗಾಳದಲ್ಲಿ ನೀರಿನಲ್ಲಿ ನೆನೆಸಿಟ್ಟ ತಂಗಳನ್ನವಾದ ‘ಪಾಂತಾ ಭಾತ್’ಗೆ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆಗಾರರು. ಆದರೆ ಅವರ ‘ನಿರಾಮಿಷ’ ಅಡಿಗೆಗೆ ಈರುಳ್ಳಿ ನಿಷಿದ್ಧ. ನಮ್ಮಲ್ಲಿಯೂ ವ್ರತದ ದಿನ ಅದನ್ನು ವರ್ಜಿಸುವ ಮನೆಗಳು ಉಂಟಷ್ಟೆ!

ಇನ್ನು ಆರೋಗ್ಯದ ಮಾತು. ಉಳ್ಳಿ ಮಾಡುವ ಉಪಕಾರವನ್ನು ತಾಯಿಯೂ ಮಾಡಲಾರಳೆಂದು ತೆಲುಗರಲ್ಲಿ ಗಾದೆಯಿದೆ. ಗಾದೆಯನ್ನು ಮೆಚ್ಚೋಣ, ಔಷಧದ ಚೀಟಿಯೆಂದು ಓದುವುದು ಬೇಡ. ಸಣ್ಣ ಈರುಳ್ಳಿಯಲ್ಲಿ ಗಂಧಕದ ಸಂಯುಕ್ತಗಳೂ ಕ್ವೆರ್ಸೆಟಿನ್ ಎಂಬ ವಸ್ತುವೂ ಇರುವುದು ನಿಜ. ಆದರೆ ಬೆಳಗಿನ ಹಸಿ ಈರುಳ್ಳಿಯ ರಸವನ್ನು ನಂಬಿ ಮಧುಮೇಹದ ಗುಳಿಗೆಯನ್ನೋ ರಕ್ತದೊತ್ತಡದ ಗುಳಿಗೆಯನ್ನೋ ನಿಲ್ಲಿಸುವುದು ಅಪಾಯಕ್ಕೆ ಆಹ್ವಾನ. ಕರುಳು ಸೂಕ್ಷ್ಮವಾದವರಿಗೆ ಇದರಲ್ಲಿನ ಫ್ರಕ್ಟಾನ್ ಎಂಬ ಶರ್ಕರಾಂಶದಿಂದ ಹೊಟ್ಟೆಯುಬ್ಬರವೂ ಆಗಬಹುದು. ಕಣ್ಣಿಗೆ, ಕಿವಿಗೆ ಇದರ ರಸ ಬಿಡುವ ಅಭ್ಯಾಸವಂತೂ ಸರ್ವಥಾ ಸಲ್ಲದು.

‘ಸಣ್ಣ’ ಎಂಬ ಮಾತನ್ನು ನಂಬಿ ಬೇರೆ ಜಾತಿಯನ್ನು ಕೊಂಡರೆ ಒಂದು ಹೊತ್ತಿನ ಸಾರು ಕೆಟ್ಟೀತು. ‘ಸಂಜೀವಿನಿ’ ಎಂಬ ಹೊಗಳಿಕೆಯನ್ನು ನಂಬಿದರೆ ದೇಹವೇ ಕೆಟ್ಟೀತು. ಆದುದರಿಂದ ಪೇಟೆಯಲ್ಲಿ ಹೆಸರಿನೊಡನೆ ಗೊಂಚಲನ್ನೂ ತೋರಿಸಿ ಕೇಳೋಣ, ಮಕ್ಕಳಿಗೂ ಎರಡನ್ನೂ ತಿಳಿಸೋಣ. ಊಟದ ತಟ್ಟೆಯಲ್ಲಿ ಅದಕ್ಕೆ ಮರ್ಯಾದೆಯ ಸ್ಥಾನವಿರಲಿ. ಔಷಧದ ಸ್ಥಾನ ವೈದ್ಯರಿಗೇ ಇರಲಿ.