ಕಿತ್ತಳೆ ಶಾಯಿ ಮತ್ತು ಹೊಟ್ಟೆ ಸೀಳಿದ ಧ

ಕಿತ್ತಳೆ ಬಣ್ಣದ ಇಂಕು ಬರೀ ಶೋಕಿಗೆ, ಅದರಲ್ಲಿ ಬರೆದದ್ದು ಓದೋಕಾಗಲ್ಲ ಅಂತ ನಮ್ಮ ಹಾಸ್ಟೆಲಿನಲ್ಲಿ ಒಂದು ಮಾತಿದೆ. ಆ ಮಾತು ಅರ್ಧ ಮಾತ್ರ ನಿಜ ಅನ್ನೋದು ನಮ್ಮ ವಾದ. ತಪ್ಪು ಶಾಯಿಯದ್ದಲ್ಲ, ನಿಬ್ಬಿನದ್ದು. ಇನ್ನೊಂದು ತಪ್ಪು ನಮ್ಮದೇ ಇತ್ತು, ಅದನ್ನ ಆಮೇಲೆ ಹೇಳ್ತೀವಿ.

ನಾವು ನಾಲ್ವರು: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಎಲ್ಲರೂ ಬಾಗಲಕೋಟೆ ಜಿಲ್ಲೆಯವರು, ಎಲ್ಲರೂ ಇಂಗ್ಲಿಷ್ ಮೀಡಿಯಂ. ಮೂರನೇ ಸೆಮ್ ಮುಗಿದ ರಜೆಗೆ ಒಂದೇ ಬಾಟಲಿ ಶಾಯಿಯನ್ನ ನಾಲ್ಕು ಔಷಧಿ ಶೀಶೆಗೆ ಹಂಚಿಕೊಂಡು ಊರಿಗೆ ಹೋದ್ವಿ. ಜಮಖಂಡಿಗೆ ಫೈನ್ ನಿಬ್ಬು, ಮುಧೋಳಕ್ಕೆ ಮೀಡಿಯಂ, ಬೀಳಗಿಗೆ ಬ್ರಾಡ್, ಬನಹಟ್ಟಿಗೆ 1.1 ಮಿಲಿಮೀಟರ್ ಸ್ಟಬ್. ದಿನಾ ಒಂದು ಪುಟ ಕನ್ನಡ ಬರೀಬೇಕು, ಮೇಲೆ ಎಲ್ಲರದ್ದೂ ಒಂದೇ ವಾಕ್ಯ: "ಮುಧೋಳದ ರನ್ನ ಬರೆದ ಗದಾಯುದ್ಧದ ಕಥೆಯನ್ನು ಘಟಪ್ರಭಾ ದಂಡೆಯಲ್ಲಿ ಕೂತು ಓದಿದೆವು." ಓದಿರಲಿಲ್ಲ, ಅದು ಬೇರೆ ಮಾತು.

ಫೈನ್ ನಿಬ್ಬಿನ ಪುಟ ಟ್ಯೂಬ್‌ಲೈಟ್ ಕೆಳಗೆ ಹಳದಿ ಗೀಟುಗಳ ಹಾಗೆ ಕಾಣ್ತಿತ್ತು, ಬಿಸಿಲಿಗೆ ಹಿಡಿದರೆ ಮಾಯ. ಕಾರಣ ಕಷ್ಟದ್ದೇನಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನ ಕಲರಿಮೀಟರ್, ಬೀರ್-ಲ್ಯಾಂಬರ್ಟ್ ನಿಯಮ ನೆನಪು ಮಾಡ್ಕೊಳ್ಳಿ. ಕಿತ್ತಳೆ ಬಣ್ಣ ಹೀರೋದು ಹೆಚ್ಚಾಗಿ ಬೆಳಕಿನ ನೀಲಿ ಭಾಗವನ್ನ. ಪದರ ತೆಳುವಾದಷ್ಟೂ ಹೀರೋದು ಕಡಿಮೆ, ಬಣ್ಣ ಹಳದಿಗೆ ಜಾರ್ತದೆ. ದಪ್ಪ ಆದರೆ ಕೆಂಪಿನ ಕಡೆ ಹೋಗ್ತದೆ. ಫೈನ್ ನಿಬ್ಬು ಹಾಕೋದೇ ಸ್ವಲ್ಪ ಶಾಯಿ, ಅದೂ ಸಣ್ಣ ಗೆರೆಯಲ್ಲಿ. ನೀಲಿ ಕಪ್ಪು ಶಾಯಿಗೆ ಅಷ್ಟು ಸಾಕು, ಕಿತ್ತಳೆಗೆ ಸಾಲದು. ವೆಬ್‌ಪೇಜ್ ಮಾಡುವವರಿಗೆ ಗೊತ್ತಿರ್ತದೆ, ಬಿಳಿ ಹಿನ್ನೆಲೆ ಮೇಲೆ ಸಿಎಸ್‌ಎಸ್‌ನ 'ಆರೆಂಜ್' ಬಣ್ಣದ ಕಾಂಟ್ರಾಸ್ಟ್ ಸುಮಾರು 2:1. ಸಾಮಾನ್ಯ ಅಕ್ಷರಕ್ಕೆ ಡಬ್ಲ್ಯೂಸಿಎಜಿ ಕೇಳೋದು 4.5:1. ದೊಡ್ಡ ಅಕ್ಷರಕ್ಕೆ ಅವರೂ 3ಕ್ಕೆ ಇಳೀತಾರೆ. ಅಂದರೆ ಗಾತ್ರ ಬೆಳೆಸಿದರೆ ಕಣ್ಣು ಸ್ವಲ್ಪ ಕ್ಷಮಿಸ್ತದೆ.

ಹಾಗಾದರೆ ಬ್ರಾಡ್ ಗೆಲ್ಲಬೇಕಿತ್ತು. ಬಣ್ಣದಲ್ಲಿ ಗೆದ್ದಿತು ಕೂಡ, ಬೀಳಗಿಯ ಪುಟಗಳು ನಿಜವಾದ ಕಿತ್ತಳೆ ಹಣ್ಣಿನ ಹಾಗೆ ಇದ್ವು. ಆದರೆ ಕನ್ನಡ ಇಂಗ್ಲಿಷ್ ಅಲ್ಲ. ನಮ್ಮಲ್ಲಿ 'ಥ' ಅಕ್ಷರದ ಹೊಟ್ಟೆಯೊಳಗೆ ಒಂದು ಚುಕ್ಕೆ ಇದೆ, 'ದ್ಧ' ಅಂದ್ರೆ ಕೆಳಗೆ ಇನ್ನೊಂದು ಅಕ್ಷರವೇ ನೇತಾಡ್ತದೆ. ರೂಲ್ಡ್ ನೋಟ್‌ಬುಕ್ಕಿನಲ್ಲಿ ಬ್ರಾಡ್ ನಿಬ್ಬಿಂದ ಬರೆದರೆ ಹೊಟ್ಟೆ ಚುಕ್ಕೆ ಎಲ್ಲ ತುಂಬಿ ಒಂದೇ ಉಂಡೆ. ಅಗ್ಗದ ಹಾಳೆಯಲ್ಲಿ ಇಂಕು ಹರಡಿ ಹಿಂದಿನ ಪುಟವೂ ಹೋಯ್ತು. ಮೇಲಿಂದ ಬೀಳಗಿಯ ಸೆಖೆ: ಕ್ಯಾಪ್ ತೆಗೆದಿಟ್ಟು ಚಹಾ ಕುಡಿದು ಬರೋದ್ರಲ್ಲಿ ಸೀಳಿನ ಸುತ್ತ ಕಿತ್ತಳೆ ಪುಡಿ ಕಟ್ಟಿರ್ತಿತ್ತು. (ತೊಳೆಯೋಕೆ ಬೋರ್‌ವೆಲ್ ನೀರು ಬೇಡ, ಬಿಳಿ ಕಲೆ ಬೀಳ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಗೊಳ್ಳಿ. ಬೆರಳಿಗೆ ಹತ್ತಿದ್ದಕ್ಕೆ ಹೆದರಬೇಡಿ, ಇದೇನು ಮೈಸೂರಿನ ಮತದಾನದ ಶಾಯಿಯಲ್ಲ.)

ಸ್ಟಬ್ಬಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಚೆಂದ ಇದೆ, ನಿಧಾನ ಇದೆ, ತಲೆಬರಹಕ್ಕೆ ಸರಿ. ಆದರೆ ಒಂದೇ ಗೆರೆಯಲ್ಲಿ ಶುರುವಿಗೆ ಹಳದಿ, ಕೊನೆಗೆ ಶಾಯಿ ನಿಲ್ಲೋ ಕಡೆ ಕೆಂಪು, ಅದನ್ನ ಒಮ್ಮೆ ನೋಡಲೇಬೇಕು. ನೂಡ್ಲರ್ಸ್ ಕಂಪನಿಯ ಅಪಾಚಿ ಸನ್‌ಸೆಟ್ ಶಾಯಿ ಹೆಸರು ಮಾಡಿರೋದೇ ಇದಕ್ಕೆ.

ರಜೆಯ ಮಧ್ಯೆ ಬನಹಟ್ಟಿಯಲ್ಲಿ ಸೇರಿದಾಗ ನಾಲ್ಕೂ ಪುಟಗಳನ್ನ ಅಲ್ಲಿಯವಳ ಅಜ್ಜನ ಮುಂದೆ ಇಟ್ವಿ. ಜೀವನವಿಡೀ ಮಗ್ಗದ ಮುಂದೆ ಕೂತವರು. ಫೈನ್ ನಿಬ್ಬಿನ ಪುಟ ಖಾಲಿ ಹಾಳೆ ಅಂದ್ಕೊಂಡು ಪಕ್ಕಕ್ಕೆ ಸರಿಸಿಬಿಟ್ಟರು. ಒಂದೇ ಶಾಯಿ ಅಜ್ಜ ಅಂದ್ರೆ, "ನೂಲೂ ಹಂಗ ಅಲ್ಲೇನ? ಲಡಿಯೊಳಗ ಒಂದ ಬಣ್ಣ, ಬಟ್ಟಿಯೊಳಗ ಒಂದ ಬಣ್ಣ. ಬಣ್ಣಕ್ಕ್ಯಾಕ ಬೈತೀರಿ?" ಅಂದರು. ಆಮೇಲೆ ಮೀಡಿಯಂ ಪುಟ ಕೈಗೆ ತಗೊಂಡು ಒಂದೊಂದೇ ಅಕ್ಷರ ಓದಿ ನಕ್ಕರು. ನಮ್ಮ ಮುಧೋಳದವಳು ತನ್ನ ಊರಿನ ಹೆಸರನ್ನ ಆರು ದಿನದಿಂದ 'ಮುದೋಳ' ಅಂತ ಬರೆದಿದ್ದಳು. ಹತ್ತೊಂಬತ್ತು ವರ್ಷ ಬಸ್ಸಿನ ಬೋರ್ಡಿನ ಮೇಲೆ ನೋಡಿದ ಹೆಸರು.

ನಾವು ಮೂವರು ನಗೋಕೆ ಹೋಗಿ ಸುಮ್ಮನಾದ್ವಿ. ಜಮಖಂಡಿಯವನ ಪುಟವನ್ನ ಕಿಟಕಿ ಹತ್ತಿರ ಹಿಡಿದು ನೋಡಿದರೆ ಪ್ರತಿದಿನವೂ 'ಗದಾಯುದ್ದ'. ಬೀಳಗಿಯವನ ಉಂಡೆಗಳಲ್ಲಿ ಏನಿತ್ತೋ ಅವನಿಗೂ ಗೊತ್ತಿಲ್ಲ. ನಿಜ ಹೇಳಬೇಕಂದ್ರೆ, ಹೊಟ್ಟೆ ಸೀಳಬೇಕೋ ಬೇಡವೋ ಅಂತ ಅನುಮಾನ ಬಂದಲ್ಲೆಲ್ಲ ನಾವು ಹಿಂದಿನಿಂದಲೂ ಇದನ್ನೇ ಮಾಡ್ತಿದ್ವಿ, ಸೀಳಿದ ಹಾಗೂ ಇರಬೇಕು, ಸೀಳದ ಹಾಗೂ ಇರಬೇಕು. ತೆಳು ಗೆರೆ, ಮಸುಕು ಬಣ್ಣ ಅದಕ್ಕೆ ಒಳ್ಳೇ ಜೊತೆ. ಟೈಪ್ ಮಾಡುವಾಗ ಫೋನೇ ತಿದ್ದಿಬಿಡ್ತದೆ, ಹಾಗಾಗಿ ಈ ವಿಷಯ ಯಾರಿಗೂ ತಿಳಿದಿರಲಿಲ್ಲ, ನಮಗೂ ಸೇರಿ.

ಉಳಿದ ರಜೆ ನಾಲ್ವರೂ ಮೀಡಿಯಂನಲ್ಲೇ ಬರೆದ್ವಿ, ಶಾಯಿ ಧಾರಾಳವಾಗಿ ಬಿಡುವ ನಿಬ್ಬು, ರೂಲ್ ಇಲ್ಲದ ಹಾಳೆ, ಅಕ್ಷರ ಮಾಮೂಲಿಗಿಂತ ಒಂದೂವರೆ ಪಟ್ಟು ದೊಡ್ಡದು. ಬಣ್ಣ ನಿಲ್ತದೆ, ಒತ್ತು ಬಿಡಿಸಿ ಕಾಣ್ತದೆ, ತಪ್ಪೂ ಕಾಣ್ತದೆ. ಪರೀಕ್ಷೆಗೆ, ರೆಕಾರ್ಡ್ ಬುಕ್ಕಿಗೆ ಕಿತ್ತಳೆ ತರಬೇಡಿ, ಆ ಜಗಳ ನಮ್ಮದಲ್ಲ. ಆದರೆ ನವೆಂಬರಿನಲ್ಲಿ ನಮ್ಮ ಬಳಗ ನಡೆಸೋ ಕೈಬರಹ ಸ್ಪರ್ಧೆಯಲ್ಲಿ ನೀಲಿ-ಕಪ್ಪು ಮಾತ್ರ ಅನ್ನೋ ನಿಯಮ ಯಾಕೆ? ಅದನ್ನ ತೆಗೀರಿ ಅಂತ ಸಂಚಾಲಕರಿಗೆ ಕೇಳ್ತಿದ್ದೀವಿ. ಶೀಶೆಗಳಲ್ಲಿ ಇನ್ನೂ ಸ್ವಲ್ಪ ಶಾಯಿ ಉಳಿದಿದೆ. ಬೇಕಾದವರು ಹಾಸ್ಟೆಲಿಗೆ ಬನ್ನಿ, ಮೀಡಿಯಂ ನಿಬ್ಬು ನೀವೇ ತನ್ನಿ.